ಮೂರು ಯೂನಿಟ್ಟಿನ ಸ್ನಾನ

ತಿಂಗಳ ಕೊನೆ ಬಂತೆಂದರೆ ನಮ್ಮಪ್ಪ ಟಾರ್ಚ್ ಹಿಡಿದು ಮೀಟರ್ ಬೋರ್ಡ್ ಮುಂದೆ ನಿಲ್ಲುತ್ತಾರೆ. ದೇವರ ಮುಂದೆಯೂ ಅಷ್ಟು ಹೊತ್ತು ನಿಂತವರಲ್ಲ. ಕನ್ನಡಕ ಏರಿಸಿ, ಹಳೇ ಬಿಲ್ ನೋಡಿ, ಬೆರಳಲ್ಲಿ ಲೆಕ್ಕ ಹಾಕಿ ಒಳಗೆ ಕೂಗುತ್ತಾರೆ: “196 ಆಯ್ತು! ಇನ್ಮೇಲೆ ಯಾರೂ ಮಿಕ್ಸಿ ಮುಟ್ಟಬೇಡಿ!” ಅವತ್ತು ನಮ್ಮನೆ ಚಟ್ನಿಗೆ ಒರಳುಕಲ್ಲಿನ ರುಚಿ.

2023ರಲ್ಲಿ ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆ ಬಂದಾಗ ಎಲ್ಲರಿಗೂ 200 ಯೂನಿಟ್ ಪುಕ್ಕಟೆ ಅಂದುಕೊಂಡಿದ್ದೆವು. ಹಾಗೇನಿಲ್ಲ. 2022-23ರಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಉರಿಸಿದ್ದಿರೋ ಅದರ ಮೇಲೆ ಶೇ 10 ಸೇರಿಸಿ ಅಷ್ಟು ಮಾತ್ರ. ಎದುರುಮನೆ ಅಜ್ಜಿ ಒಂದೇ ಬಲ್ಬಿನ ಕೆಳಗೆ ಅಕ್ಕಿ ಆರಿಸಿ, ಹೂ ಕಟ್ಟಿ 60 ಯೂನಿಟ್‌ನಲ್ಲಿ ಸಂಸಾರ ಮಾಡಿದವರು. ಅವರಿಗೆ 66. ಹಗಲೂ ಪೋರ್ಟಿಕೋ ಲೈಟ್ ಆರಿಸದ ಮೂಲೆಮನೆಯವರದು 180, ಅವರಿಗೆ 198. ಈಗ ಅಜ್ಜಿ ಫ್ರಿಜ್ ತಂದು ಹೆಚ್ಚಿನದಕ್ಕೆ ದುಡ್ಡು ಕಟ್ಟುತ್ತಿದ್ದಾರೆ. “ಮೊದಲೇ ಹೇಳಿದ್ದರೆ ನಾನೂ ದೀಪಾವಳಿ ಮಾಡ್ತಿದ್ದೆ” ಅನ್ನುತ್ತಾರೆ.

ನಮ್ಮ ಪಾಲು 187. ಸ್ವಲ್ಪ ದಾಟಿದರೆ ದಾಟಿದಷ್ಟಕ್ಕೆ ಕಟ್ಟಬೇಕು. ಆದರೆ 200 ದಾಟಿದರೆ ಮುಗೀತು, ಮೊದಲನೇ ಯೂನಿಟ್‌ನಿಂದಲೇ ಪೂರ್ತಿ ಬಿಲ್. ಅಂಥ ಒಂದು ದಿನ, ಮೀಟರ್ 199 ತೋರಿಸುವಾಗ, ದಾವಣಗೆರೆಯಿಂದ ಭಾವಮೈದ ಬಂದ. ಸ್ನಾನಕ್ಕೆ ಗೀಸರ್ ಹಾಕಿ, ಬೆಣ್ಣೆದೋಸೆಯ ಗುಂಗಿನಲ್ಲಿ ಆರಿಸುವುದು ಮರೆತ. ಮೂರು ಶರ್ಟಿಗೆ ಇಸ್ತ್ರಿಯನ್ನೂ ಹಾಕಿಕೊಂಡ. ಮರುದಿನ ರೀಡಿಂಗ್ 203. ಬಿಲ್ ಹತ್ತಿರ ಹತ್ತಿರ 1,800 ರೂಪಾಯಿ. ಕುಂಭಮೇಳಕ್ಕೆ ಹೋಗಿ ಮಿಂದು ಬಂದಿದ್ದರೂ ಇಷ್ಟು ಖರ್ಚಾಗುತ್ತಿತ್ತೋ ಇಲ್ಲವೋ.

ಆ ಬಿಲ್ ಕೂತು ಓದಿದೆ. 2025ರ ಏಪ್ರಿಲ್‌ನಲ್ಲಿ ಯೂನಿಟ್ ದರ 5.90ರಿಂದ 5.80ಕ್ಕೆ ಇಳಿಯಿತು. ಹತ್ತು ಪೈಸೆ ಇಳಿಕೆ! ಕೆಳಗೆ ನೋಡಿದರೆ ವಿದ್ಯುತ್ ನೌಕರರ ಪಿಂಚಣಿ, ಗ್ರಾಚ್ಯುಟಿ ಅಂತ ಯೂನಿಟ್‌ಗೆ 36 ಪೈಸೆ ಹೊಸದು. ನಿಗದಿತ ಶುಲ್ಕ ಕಿಲೋವ್ಯಾಟ್‌ಗೆ 120 ಇದ್ದದ್ದು 145. ಲೈಟ್ ಹಾಕಲಿ, ಬಿಡಲಿ, ನಮ್ಮನೆಗೆ ಮೂರು ಕಿಲೋವ್ಯಾಟ್ ಲೋಡ್ ಮಂಜೂರಾಗಿದ್ದರಿಂದ 435 ಗ್ಯಾರಂಟಿ. ಮೇಲೆ ಶೇ 9 ತೆರಿಗೆ. ಹಿಂದಿನ ಬಾಗಿಲಲ್ಲಿ ಮೂಟೆ ಹೊತ್ತುಕೊಂಡು ಹೋಗಿ, ಮುಂದಿನ ಬಾಗಿಲಲ್ಲಿ ಪೆಪ್ಪರ್‌ಮಿಂಟ್ ಕೊಟ್ಟ ಹಾಗಾಯಿತು.

ಪಿಂಚಣಿ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ. ಸುರಿವ ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮನ್‌ಗೆ ಕೊಡಲೇಬೇಕು. ಆದರೆ ಕಂಪನಿ ಸರ್ಕಾರದ್ದು, ಸರ್ಕಾರ ನಮ್ಮದು, ಅಂದ ಮೇಲೆ ಮಾಲೀಕರು ನಾವೇ ಅಲ್ವಾ? 1957ರಲ್ಲಿ ವಿದ್ಯುತ್ ಮಂಡಳಿ (ನಾವು ಕೆಇಬಿ ಅನ್ನೋದು), 1999ರಲ್ಲಿ ನಿಗಮ, 2002ರಿಂದ ಬೆಸ್ಕಾಂ, ಹೆಸ್ಕಾಂ ಅಂತ ಊರಿಗೊಂದು ‘ಕಾಂ’. ನಾವಿನ್ನೂ “ಕೆಇಬಿಯವರು ಕರೆಂಟ್ ತೆಗೆದ್ರು” ಅಂತಲೇ ಬೈಯುತ್ತೇವೆ. ಲಾಭ ಹಂಚುವಾಗ ನೆನಪಾಗದ ಮಾಲೀಕರು ಪಿಂಚಣಿ ಕೊಡುವಾಗ ಸರಿಯಾಗಿ ನೆನಪಾಗುತ್ತೇವೆ.

ಸೋಲಾರ್ ಹಾಕಿಸಿ ಅಂತಾರೆ. ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟ್‌ಗೆ 78,000 ಸಬ್ಸಿಡಿ ಇದೆ. ಒಬ್ಬರು ಕರೆಂಟ್ ಸುಮ್ನೆ ಕೊಡ್ತೀವಿ ಅಂತಾರೆ, ಇನ್ನೊಬ್ಬರು ನೀವೇ ಮಾಡಿಕೊಳ್ಳಿ ಅಂತಾರೆ. ಸುಮ್ನೆ ಸಿಗುವಾಗ ಯಾರು ಸಾಲ ಮಾಡಿ ಪ್ಯಾನೆಲ್ ಏರಿಸುತ್ತಾರೆ? ಪ್ಯಾನೆಲ್‌ನಲ್ಲಿ ಮಿಕ್ಕಿದ್ದನ್ನು ಕಂಪನಿಗೆ ನಾವು ಕೊಟ್ಟಾಗ ಸಿಗುವ ದರವೂ, ಅದನ್ನೇ ನಾವು ಕೊಳ್ಳುವ ದರವೂ ಬೇರೆ ಬೇರೆ. ಯಾವುದು ಜಾಸ್ತಿ ಅಂತ ಕೇಳಬೇಡಿ. ಅಮ್ಮನ ಪ್ರಶ್ನೆ ಒಂದೇ: “ಪ್ಯಾನೆಲ್ ಇಟ್ಟರೆ ಸಂಡಿಗೆ ಎಲ್ಲಿ ಒಣಗಿಸೋದು?”

ಮೂಲೆಮನೆಯವರು ಆಮೇಲೆ ಏಸಿ ಹಾಕಿಸಿ 200 ದಾಟಿದರು, ಧೈರ್ಯ ಮಾಡಿ ಸೋಲಾರನ್ನೂ ಹಾಕಿಸಿದರು. ಕಳೆದ ಮಂಗಳವಾರ ಮಧ್ಯಾಹ್ನ ಹನ್ನೆರಡಕ್ಕೆ ನೆತ್ತಿ ಸುಡುವ ಬಿಸಿಲು. ಬೀದಿಯಲ್ಲಿ ಕರೆಂಟ್ ಹೋಯಿತು. ಅವರ ಮನೆಯಲ್ಲೂ ಹೋಯಿತು. ಬ್ಯಾಟರಿ ಇಲ್ಲದ ಸೋಲಾರ್‌ನ ನಿಯಮ ಹಾಗೆ. ಲೈನ್ ಸತ್ತರೆ ಪ್ಯಾನೆಲ್ಲೂ ಮಲಗಬೇಕು, ಇಲ್ಲದಿದ್ದರೆ ಕಂಬದ ಮೇಲಿದ್ದವನಿಗೆ ಶಾಕ್ ಹೊಡೆಯುತ್ತದೆ. ತಾರಸಿ ತುಂಬ ಸೂರ್ಯನನ್ನು ಇಟ್ಟುಕೊಂಡು ಅವರು ಬೆವರು ಒರೆಸಿಕೊಳ್ಳುತ್ತಾ ನಮ್ಮನೆಗೆ ಬಂದರು. ಕೈಯಲ್ಲಿ ಚಾರ್ಜರ್.

“ನಿಮ್ಮ ಯುಪಿಎಸ್‌ನಲ್ಲಿ ಒಂಚೂರು ಮೊಬೈಲ್ ಹಾಕ್ಲಾ?”

ಅಪ್ಪ ಮೊದಲು ಹೋಗಿ ಮೀಟರ್ ನೋಡಿಕೊಂಡು ಬಂದರು.