ಜೈಲಿನಲ್ಲಿರುವವರ ಅಪೀಲಿಗೆ ಇರುವ ಗಡುವು ತೆಗೆಯಬೇಕೆ?

ಪರ

ಖುಲಾಸೆಯಾದವನ ವಿರುದ್ಧ ಅಪೀಲು ಹಾಕಲು ಸರ್ಕಾರಕ್ಕೆ 90 ದಿನ. ಶಿಕ್ಷೆಯಾಗಿ ಒಳಗೆ ಹೋದವನಿಗೆ? ಮ್ಯಾಜಿಸ್ಟ್ರೇಟರ ತೀರ್ಪಾದರೆ ಸೆಷನ್ಸ್ ಕೋರ್ಟಿಗೆ ಹೋಗಲು 30 ದಿನ, ಸೆಷನ್ಸ್ ತೀರ್ಪಾದರೆ ಹೈಕೋರ್ಟಿಗೆ 60. ಗಲ್ಲು ಶಿಕ್ಷೆಯಾಗಿದ್ದರೆ ಅಲ್ಲೂ 30. 1963ರ ಕಾಲಮಿತಿ ಕಾಯ್ದೆಯ ಲೆಕ್ಕ ಇದು. ವಕೀಲರು, ಕಚೇರಿ, ಕಡತ ಎಲ್ಲ ಇರುವವರಿಗೆ ಹೆಚ್ಚು ದಿನ, ಬ್ಯಾರಕ್ಕಿನಲ್ಲಿ ಕೂತವನಿಗೆ ಕಡಿಮೆ. ಇದನ್ನು ನ್ಯಾಯ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಆ ದಿನಗಳು ಹೇಗೆ ಕರಗುತ್ತವೆ ನೋಡಿ. ತೀರ್ಪು ಹೇಳಿದ ಕೂಡಲೇ ಅಪರಾಧಿಗೆ ಪ್ರತಿಯನ್ನು ಪುಕ್ಕಟೆ ಕೊಡಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದ ಕಾನೂನು) ಕಲಂ 404 ಹೇಳುತ್ತದೆ. ಕೊಟ್ಟರೂ ಅದನ್ನು ಓದಿ ತಿಳಿಸುವವರು ಸಿಗಬೇಕು. ವಿಚಾರಣೆ ನಡೆಸಿದ ವಕೀಲರ ಕೆಲಸ ತೀರ್ಪಿಗೇ ಮುಗಿದಿರುತ್ತದೆ. ಹೊಸಬರ ವಕಾಲತ್ತು, ಅಂದರೆ ಅವರನ್ನು ನೇಮಿಸುವ ಪತ್ರ, ಜೈಲಿಗೆ ಹೋಗಿ, ಅಲ್ಲಿ ಸಹಿಯೋ ಹೆಬ್ಬೆಟ್ಟೋ ಆಗಿ, ಅಧಿಕಾರಿಯ ಮೊಹರು ಬಿದ್ದು ವಾಪಸು ಬರಬೇಕು. ಸಾಕ್ಷಿ ಹೇಳಿಕೆಗಳ ಪ್ರತಿ ಕೈಗೆ ಬಾರದೆ ಅಪೀಲಿನ ಆಧಾರಗಳನ್ನು ಬರೆದರೆ ಅವು ಟೊಳ್ಳು. ಯಾವ ಸಾಕ್ಷಿ ಪಾಟೀಸವಾಲಿನಲ್ಲಿ ಎಲ್ಲಿ ಜಾರಿದ ಎಂಬುದೇ ಅಲ್ಲಿ ಇರುವುದಿಲ್ಲ.

ಗಡುವು ಮೀರಿದರೆ ಕಾಲಮಿತಿ ಕಾಯ್ದೆಯ ಕಲಂ 5ರ ವಿಳಂಬ ಮನ್ನಾ ಅರ್ಜಿ ಇದೆಯಲ್ಲ ಎನ್ನುತ್ತಾರೆ. ಅದರ ಜೊತೆಗೆ ಪ್ರಮಾಣಪತ್ರ ಬೇಕು, ತಡವಾದ ಕಾರಣ ತಾರೀಖು ಸಮೇತ ಬೇಕು. ‘ಹಣ ಇರಲಿಲ್ಲ, ನೋಡಲು ಯಾರೂ ಬರಲಿಲ್ಲ’ ಎನ್ನುವುದಕ್ಕೆ ದಾಖಲೆ ಎಲ್ಲಿಂದ ತರುವುದು? ಮೊದಲು ಮನ್ನಾ ಆಗಬೇಕು, ಆಮೇಲೆ ಅಪೀಲು ದಾಖಲಾಗಬೇಕು, ಆಮೇಲೆ ಸಂಹಿತೆಯ ಕಲಂ 430ರಡಿ ಶಿಕ್ಷೆಯ ಅಮಾನತು, ಜಾಮೀನು. ವಿಚಾರಣೆಯುದ್ದಕ್ಕೂ ಒಳಗೇ ಇದ್ದು ವರ್ಷದ ಸಜೆಯಾದವನಿಗೆ ಇಷ್ಟೆಲ್ಲ ಸಾಗುವಷ್ಟರಲ್ಲಿ ಸಜೆಯೇ ಮುಗಿದಿರಬಹುದು.

ತಡಮಾಡಿದವನು ಅದರ ಬೆಲೆಯನ್ನು ಒಳಗಿದ್ದು ದಿನಾ ತೆರುತ್ತಲೇ ಇರುತ್ತಾನೆ. ಗಡುವು ಇಲ್ಲವೆಂದು ಯಾರೂ ಜೈಲಿನಲ್ಲಿ ಹಾಯಾಗಿ ಕಾಯುವುದಿಲ್ಲ. ಹಾಗಿದ್ದ ಮೇಲೆ ಅವನನ್ನು ಅವಸರಪಡಿಸಲು ಇನ್ನೊಂದು ಗಡುವು ಯಾಕೆ?

ವಿರೋಧ

ಗಡುವು ಅಪೀಲು ಹಾಕುವವನಿಗಷ್ಟೇ ಸಂಬಂಧಿಸಿದ್ದಲ್ಲ. ತೀರ್ಪಿನ ಕೊನೆಯ ಪುಟ ತೆಗೆದರೆ, ಮುದ್ದೆಮಾಲನ್ನು (ಪ್ರಕರಣದಲ್ಲಿ ವಶಪಡಿಸಿಕೊಂಡ ವಸ್ತುಗಳನ್ನು) ಅಪೀಲು ಅವಧಿ ಮುಗಿದ ಮೇಲೆ ನಾಶಪಡಿಸಬೇಕು ಎಂಬ ಸಾಲು ಸಿಗುತ್ತದೆ. ದಂಡದ ಹಣದಿಂದ ಗಾಯಾಳುವಿಗೆ ಕೊಡಬೇಕೆಂದ ಪರಿಹಾರವೂ ಆ ಅವಧಿ ಮುಗಿಯುವವರೆಗೆ ಪಾವತಿಯಾಗದು. ಅವಧಿಯೇ ಇಲ್ಲವೆಂದರೆ ಆಸ್ಪತ್ರೆಯ ಸಾಲ ತೀರಿಸಲು ಕಾದಿರುವವಳು ಎಲ್ಲಿಯವರೆಗೆ ಕಾಯಬೇಕು? ಇಪ್ಪತ್ತು ವರ್ಷ ಬಿಟ್ಟು ಬಂದು ಸಾಕ್ಷಿಯನ್ನು ಮತ್ತೆ ಕರೆಸಿ ಎನ್ನುವವನಿಗೂ ಬಾಗಿಲು ತೆರೆದಿಡಬೇಕೆ?

ಕಾಲಮಿತಿ ಕಾಯ್ದೆಯಲ್ಲಿ ಸಡಿಲಿಕೆ ಈಗಲೂ ಇದೆ. ಕಲಂ 12ರಂತೆ ತೀರ್ಪಿನ ದಿನವೂ, ಪ್ರತಿ ಸಿದ್ಧವಾಗಲು ಹಿಡಿದ ದಿನಗಳೂ ಲೆಕ್ಕಕ್ಕಿಲ್ಲ. ದೃಢೀಕೃತ ಪ್ರತಿಯ ಮೇಲಿನ ಮೊಹರಿನಲ್ಲಿ ಅರ್ಜಿ ಕೊಟ್ಟದ್ದು, ಸಿದ್ಧವಾದದ್ದು, ಒಯ್ದದ್ದು ಎಂದು ತಾರೀಖುಗಳಿರುತ್ತವೆ. ಮೊದಲ ಎರಡರ ನಡುವಿನ ದಿನಗಳನ್ನು ಕಳೆಯುತ್ತಾರೆ. ಸಿದ್ಧವಾದ ಮೇಲೂ ಒಯ್ಯದೆ ಬಿಟ್ಟ ದಿನಗಳನ್ನು ಕಳೆಯುವುದಿಲ್ಲ. ಬಹಳ ಜನ ಎಡವುವುದು ಇಲ್ಲೇ.

ಜೈಲಿನಲ್ಲಿದ್ದವನು ನಾಗರಿಕ ಸುರಕ್ಷಾ ಸಂಹಿತೆಯ ಕಲಂ 424ರಂತೆ ಅಪೀಲು ಅರ್ಜಿಯನ್ನು ಜೈಲು ಅಧಿಕಾರಿಯ ಕೈಗೆ ಕೊಟ್ಟರೆ ಸಾಕು, ಅವರು ಅದನ್ನು ಮೇಲಿನ ಕೋರ್ಟಿಗೆ ಕಳಿಸಲೇಬೇಕು. ಬಂಧನದಲ್ಲಿರುವವರಿಗೆ ಆದಾಯ ನೋಡದೆ ಕಾನೂನು ಸೇವಾ ಪ್ರಾಧಿಕಾರ ವಕೀಲರನ್ನು ಒದಗಿಸುತ್ತದೆ. ಜಾಮೀನಿನ ಮೇಲಿದ್ದು 3 ವರ್ಷ ಮೀರದ ಸಜೆಯಾದವನನ್ನು, ವಿಶೇಷ ಕಾರಣವಿಲ್ಲದಿದ್ದರೆ, ಅಪೀಲು ಹಾಕಲು ತೀರ್ಪು ಕೊಟ್ಟ ಕೋರ್ಟೇ ಬಿಡುತ್ತದೆ.

30 ದಿನ ಸಾಲದು ಎಂದರೆ 60 ಮಾಡಲಿ. ಒಳಗಿರುವವನಿಗೆ ಎಣಿಕೆ ಪ್ರತಿ ಕೈಗೆ ಬಂದ ದಿನದಿಂದ ಶುರುವಾಗಲಿ. ಅಷ್ಟಕ್ಕೆ ನನ್ನ ಒಪ್ಪಿಗೆಯೂ ಇದೆ.