ಮಜ್ಜಿಗೆ ಸಿಗದ ಬೆಟ್ಟ

ಅಮೆರಿಕದ ಫೀನಿಕ್ಸ್‌ಗೆ ಬಂದ ಮೇಲೆ ನನಗೆ ಶಿವಗಂಗೆಯನ್ನು ನೆನಪಿಸಿದ ಬೆಟ್ಟ ಕ್ಯಾಮಲ್‌ಬ್ಯಾಕ್. ಊರ ನಡುವೆ ಒಂಟೆ ಮಲಗಿದ ಹಾಗೆ ಕಾಣುತ್ತದೆ. ಎಕೋ ಕ್ಯಾನ್ಯನ್ ದಾರಿಯಲ್ಲಿ ತುದಿಗೆ ಹೆಚ್ಚುಕಮ್ಮಿ 2 ಕಿಲೋಮೀಟರ್, ಅಷ್ಟೇ. ಅಷ್ಟರಲ್ಲೇ 1,200 ಅಡಿಗೂ ಜಾಸ್ತಿ ಏರಬೇಕು. ಕಡಿದಾದ ಕಡೆ ನಮ್ಮಲ್ಲಿ ಇರುವಂತೆಯೇ ಕಬ್ಬಿಣದ ಕಂಬಿ. ಇನ್ನೂ ಮೇಲೆ ಬರೀ ಬಂಡೆಗಳ ರಾಶಿ, ಕೈ ಊರದೆ ಹತ್ತೋಕೆ ಆಗಲ್ಲ.

ಒಂದು ಮೇ ತಿಂಗಳಲ್ಲಿ ತುಮಕೂರಿನಿಂದ ಚಿಕ್ಕಪ್ಪ ಬಂದಿದ್ದರು. ಶಿವಗಂಗೆ ಅವರಿಗೆ ಅಂಗೈ ಗೆರೆ. "ಎರಡು ಕಿಲೋಮೀಟರ್ ತಾನೆ, ನಡಿ" ಅಂದರು. ಒಂಬತ್ತು ಗಂಟೆಗೆ ಹೊರಟೆವು, ಇಬ್ಬರಿಗೂ ಸೇರಿ ಒಂದೇ ಬಾಟಲಿ ನೀರು. ತಪ್ಪು ನನ್ನದು. ಎರಡನೇ ಕಂಬಿ ಹತ್ತಿರ ಅವರ ಮುಖದಲ್ಲಿ ಬೆವರೇ ಇರಲಿಲ್ಲ, ಬಂದದ್ದು ಬಂದಂತೆ ಆರಿಹೋಗುತ್ತಿತ್ತು. ತುಟಿ ಬಿಳಚಿಕೊಂಡಿತ್ತು. ಇಳಿಯೋಣ ಅಂದೆ. "ಅರ್ಧಕ್ಕೆ ಇಳಿಯೋದಾ? ದೇವರಿಗೆ ಬೆನ್ನು ತೋರಿಸಿದ ಹಾಗೆ ಕಣೋ" ಅಂದರು. ಕೈ ಹಿಡಿದು ಇಳಿಸಿಕೊಂಡು ಬಂದೆ.

ಆ ಮಾತು ತಲೆಯಲ್ಲೇ ಕೂತಿತು. ಯೋಚಿಸಿದರೆ ನಮ್ಮ ಬೆಟ್ಟದಲ್ಲಿ ಹಾಗಿಲ್ಲ, ಅಲ್ವಾ? ಗಂಗಾಧರೇಶ್ವರ ಇರುವುದು ತುದಿಯಲ್ಲಲ್ಲ, ಕೆಳಗಡೆಯೇ. ಲಿಂಗಕ್ಕೆ ಸವರಿದ ತುಪ್ಪ ಬೆಣ್ಣೆಯಾಗುವುದನ್ನು ನೋಡಿ ಅಜ್ಜಿ ಅಲ್ಲೇ ಉಳಿಯುತ್ತಾಳೆ. ಅಮ್ಮ ಒಳಕಲ್ಲು ತೀರ್ಥದವರೆಗೆ ಬಂದು, ಕೈ ಇಳಿಸಿ, ನೀರು ಸಿಕ್ಕಿತು ಅಂತ ಹಿಗ್ಗುತ್ತಾಳೆ. ಮೇಲಿನ ನಂದಿಯವರೆಗೆ ಹೋಗುವುದು ಕಾಲಲ್ಲಿ ಕಸುವು ಇದ್ದವರು. ಎಲ್ಲರ ಯಾತ್ರೆಯೂ ಪೂರ್ತಿಯೇ. ದಾರಿಯಲ್ಲಿ ಮಜ್ಜಿಗೆ ಮಾರುವವರು ಇರುತ್ತಾರೆ, ಕೂರಲು ಮಂಟಪ ಇರುತ್ತದೆ. ಬರಿಗೈಲಿ ಹೋಗುವ ಧೈರ್ಯ ನಮಗೆ ಬಂದದ್ದು ಅಲ್ಲಿಂದಲೇ.

ಕ್ಯಾಮಲ್‌ಬ್ಯಾಕ್‌ನಲ್ಲಿ ಮಾರುವವರಿಲ್ಲ, ನೆರಳೂ ಕಮ್ಮಿ. 2023ರಲ್ಲಿ ಈ ಊರಲ್ಲಿ 31 ದಿನ ಬಿಡದೆ 43 ಡಿಗ್ರಿ ಮುಟ್ಟಿತ್ತು. 2021ರಿಂದ, ವಿಪರೀತ ಬಿಸಿಲಿನ ಎಚ್ಚರಿಕೆ ಇರುವ ದಿನ ಹಗಲು ಹೊತ್ತು ದಾರಿಯನ್ನೇ ಮುಚ್ಚುತ್ತಾರೆ. ಹತ್ತಿದವರನ್ನು ಇಳಿಸಲು ಹೋದ ರಕ್ಷಣಾ ಸಿಬ್ಬಂದಿಯ ಜೀವವೂ ಜೀವವೇ. ಆ ನಿಯಮ ನನಗೆ ತುಂಬ ಇಷ್ಟ. ಇಲ್ಲಿನವರು ಬೆನ್ನಿಗೆ ನೀರಿನ ಚೀಲ ಕಟ್ಟಿಕೊಂಡೇ ಬರುತ್ತಾರೆ, ಖಾಲಿ ಬಾಟಲಿ ವಾಪಸ್ ಒಯ್ಯುತ್ತಾರೆ. ಅದನ್ನು ನಾವು ಕಲಿಯಲೇಬೇಕು. ಆದರೆ ಬಹಳ ಮಂದಿಗೆ ಶಿಖರ ಒಂದೇ ಲೆಕ್ಕ. ಗಡಿಯಾರ ನೋಡುತ್ತ ಹತ್ತುತ್ತಾರೆ. ನಡುವೆ ನಿಲ್ಲುವುದಕ್ಕೂ ಒಂದು ಮರ್ಯಾದೆ ಇದೆ ಅನ್ನುವುದನ್ನು ಶಿವಗಂಗೆಯಿಂದ ಇಲ್ಲಿಗೆ ತರಬೇಕು ಅಂತ ನನ್ನ ಆಸೆ.

ಊರಿಂದ ಅಪ್ಪ ಅಮ್ಮ ಬಂದಾಗ ಇಲ್ಲಿಗೆ ಕರೆತರುವ ಗೆಳೆಯರಿಗೆ ನಾನು ಹೇಳುವುದು ಇಷ್ಟೇ: ಸೂರ್ಯ ಹುಟ್ಟುವಾಗಲೇ ಬನ್ನಿ. ಒಬ್ಬೊಬ್ಬರಿಗೆ ಎರಡು ಲೀಟರ್ ನೀರು ಇರಲಿ. ಅರ್ಧ ನೀರು ಮುಗಿದರೆ ತುದಿ ಎಷ್ಟೇ ಹತ್ತಿರವಿದ್ದರೂ ಇಳಿಯಿರಿ. ಮೊದಲ ಕಂಬಿಯ ಹತ್ತಿರ ಕಣಿವೆ ತೆರೆದುಕೊಳ್ಳುವ ಜಾಗವಿದೆ. ಅದನ್ನೇ ಗಂಗಾಧರೇಶ್ವರನ ಗುಡಿ ಅಂದುಕೊಳ್ಳಿ.

ನಾಲ್ಕು ದಿನ ಬಿಟ್ಟು ನಸುಕಿನಲ್ಲೇ ನಾವಿಬ್ಬರೂ ಮತ್ತೆ ಹೋದೆವು. ಚಿಕ್ಕಪ್ಪ ಆ ಜಾಗದಲ್ಲಿ ತಾವಾಗಿಯೇ ಕೂತರು. "ನೀನು ಹೋಗಿ ಬಾ, ನನಗೆ ಇಲ್ಲೇ ಆಯ್ತು" ಅಂದರು. ನಾನು ತುದಿ ಮುಟ್ಟಿ ಇಳಿದು ಬಂದಾಗ, ಉಪ್ಪು ಖಾರ ಹಚ್ಚಿದ ಸೌತೆಕಾಯಿ ಡಬ್ಬಿಯನ್ನು ಪಕ್ಕದಲ್ಲಿ ದಣಿದು ಕೂತಿದ್ದ ಗಂಡ ಹೆಂಡತಿಯ ಮುಂದೆ ಹಿಡಿದಿದ್ದರು. ಆಕೆ ಒಂದು ಹೋಳು ತಿಂದು, ಇನ್ನೊಂದಕ್ಕೆ ಕೈ ಚಾಚಿದಳು.