ಬಿಳಿ ಟೋಗಾ, ನಾರುವ ಗಡಿಗೆ

‘ಈ ಸಲ ಕ್ಯಾಂಡಿಡೇಟ್ ಯಾರು ಗುರು?’ ಅಂತ ಟೀ ಅಂಗಡಿಯಲ್ಲಿ ಕೇಳುತ್ತೇವಲ್ಲ, ಆ ಪದಕ್ಕೆ ಒಂದು ವಾಸನೆ ಇದೆ. ಲ್ಯಾಟಿನ್ನಿನ ‘ಕ್ಯಾಂಡಿಡಾಟುಸ್’ ಅಂದರೆ ಬೆಳ್ಳಗೆ ಮಾಡಿದ ಬಟ್ಟೆ ತೊಟ್ಟವನು. ಹಳೆಯ ರೋಮಿನಲ್ಲಿ ಓಟು ಕೇಳಲು ಹೊರಟವನು ಸೀಮೆಸುಣ್ಣದಂಥ ಬಿಳಿ ಮಣ್ಣು ತಿಕ್ಕಿಸಿದ ಟೋಗಾ ಸುತ್ತಿಕೊಂಡು ಬೀದಿಗೆ ಇಳಿಯುತ್ತಿದ್ದ. ನೂರು ಜನರ ನಡುವೆಯೂ ಫಳಫಳ ಕಾಣಬೇಕು. ಬೆಳ್ಳಗಿರೋದೆಲ್ಲ ಹಾಲಲ್ಲ ಅನ್ನುವ ಗಾದೆ ನಮ್ಮದು. ಅದು ಹಾಲಲ್ಲ, ಇನ್ನೇನು ಅನ್ನುವುದು ರೋಮಿನವರಿಗೆ ಚೆನ್ನಾಗಿ ಗೊತ್ತಿತ್ತು. ಉಚ್ಚೆ.

‘ಮೂತ್ರ’ ಅಂತ ಬರೆಯಬಹುದಿತ್ತು. ಹಾಗೆ ಬರೆದರೆ ವಾಸನೆಯೇನೂ ಕಡಿಮೆ ಆಗಲ್ಲ.

ಟೋಗಾ ಅಂದರೆ ಹೆಚ್ಚುಕಡಿಮೆ ಒಂದು ಸೀರೆಯಷ್ಟು ಉದ್ದದ ಉಣ್ಣೆ ಬಟ್ಟೆ. ಬೆವರು, ಎಣ್ಣೆ, ಬೀದಿಯ ಕೆಸರು ಎಲ್ಲ ಅದಕ್ಕೆ ಮೆತ್ತಿಕೊಳ್ಳುತ್ತಿತ್ತು. ಸಾಬೂನು ಹಾಕಿ ಒಗೆಯೋಣ ಅಂದರೆ, ರೋಮಿನ ಲೇಖಕ ಪ್ಲೀನಿ ಹೇಳುವ ಪ್ರಕಾರ ಸಾಬೂನು ಗಾಲ್ (ಈಗಿನ ಫ್ರಾನ್ಸ್ ಕಡೆಯ) ಜನ ಕೂದಲು ಕೆಂಪಗೆ ಮಾಡಿಕೊಳ್ಳಲು ಕಂಡುಹಿಡಿದ ವಸ್ತು. ಹಾಗಾಗಿ ಒಗೆಯುವವರು ಉಚ್ಚೆ ಸಂಗ್ರಹಿಸಿ ಹಳತಾಗಲು ಬಿಡುತ್ತಿದ್ದರು. ಕೆಲವು ದಿನ ಕಳೆದರೆ ಅದರಲ್ಲಿ ಅಮೋನಿಯಾ ಹುಟ್ಟುತ್ತದೆ. ಅಮೋನಿಯಾ ಜಿಡ್ಡು ಬಿಡಿಸುತ್ತದೆ. ನಮ್ಮ ಹಳ್ಳಿಗಳಲ್ಲಿ ಚೌಳು ಮಣ್ಣು ಮಾಡುತ್ತಿದ್ದ ಕೆಲಸವನ್ನು ಅಲ್ಲಿ ಈ ಗಡಿಗೆ ಮಾಡುತ್ತಿತ್ತು. ಖರ್ಚಿಲ್ಲ, ಸಾಗಾಟವಿಲ್ಲ, ಕಚ್ಚಾ ಮಾಲಿಗೆ ಎಂದೂ ಬರ ಇಲ್ಲ. ಈಗಿನವರ ಕೈಗೆ ಸಿಕ್ಕಿದ್ದರೆ ಇದನ್ನೇ ಚಂದದ ಶೀಶೆಗೆ ತುಂಬಿ ‘ನೂರಕ್ಕೆ ನೂರು ನೈಸರ್ಗಿಕ’ ಅಂತ ಚೀಟಿ ಅಂಟಿಸಿ 499 ರೂಪಾಯಿಗೆ ಮಾರುತ್ತಿದ್ದರು. ನಾವೂ ಕೊಳ್ಳುತ್ತಿದ್ದೆವು.

ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿದ್ದ ಇಟಲಿಯ ಪೊಂಪೆ ಊರಿನಲ್ಲಿ ಇಂಥ ಒಗೆಯುವ ಅಂಗಡಿಗಳು ಇವತ್ತಿಗೂ ನೋಡಲು ಸಿಗುತ್ತವೆ. ನೆಲದಲ್ಲಿ ಹೂತ ತೊಟ್ಟಿ, ಅದರ ಎರಡೂ ಪಕ್ಕದಲ್ಲಿ ಸೊಂಟದೆತ್ತರದ ಗೋಡೆ. ಕೆಲಸದವನು ಎರಡೂ ಕೈ ಗೋಡೆಗೆ ಊರಿ, ತೊಟ್ಟಿಗೆ ಇಳಿದು, ಬರಿಗಾಲಲ್ಲಿ ಬಟ್ಟೆ ತುಳಿಯುತ್ತಿದ್ದ. ಮೇಲೆ ಎಗರುವುದು, ಕೆಳಗೆ ತುಳಿಯುವುದು. ರೋಮಿನ ತತ್ವಜ್ಞಾನಿ ಸೆನೆಕ ಇದನ್ನು ‘ಒಗೆಯುವವರ ಕುಣಿತ’ ಅಂತ ಕರೆದಿದ್ದಾನೆ. ಆಮೇಲೆ ಬಿದಿರುಬುಟ್ಟಿಯಂಥ ಒಂದು ಪಂಜರವನ್ನು ಬೋರಲು ಹಾಕಿ, ಅದರ ಮೇಲೆ ಬಟ್ಟೆ ಹರಡಿ, ಕೆಳಗೆ ಗಂಧಕದ ಹೊಗೆ ಹಾಕುತ್ತಿದ್ದರು. ಪೊಂಪೆಯ ಒಂದು ಚಿತ್ರದಲ್ಲಿ ಒಬ್ಬ ಈ ಪಂಜರವನ್ನು ಹೊತ್ತು ನಡೆಯುತ್ತಿದ್ದಾನೆ. ಅದರ ನೆತ್ತಿಯ ಮೇಲೆ ಗೂಬೆ ಕೂತಿದೆ. ಗೂಬೆ ಮಿನರ್ವ ದೇವಿಯ ಹಕ್ಕಿ, ಒಗೆಯುವವರಿಗೆ ಅವಳೇ ದೇವರು. ಆದರೂ ಆ ಗೂಬೆಯ ಮುಖ ನೋಡಿದರೆ ಬಟ್ಟೆ ಯಾರದ್ದು ಅಂತ ಅದಕ್ಕೆ ಗೊತ್ತಿದೆ ಅನ್ನಿಸುತ್ತದೆ.

ಈ ಬಿಳುಪಿನ ವಿಷಯದಲ್ಲಿ ಸರ್ಕಾರವೂ ಸುಮ್ನೆ ಕೂತಿರಲಿಲ್ಲ. ಕ್ರಿ.ಪೂ. 432ರಲ್ಲಿ, ಓಟು ಕೇಳುವವರು ಬಟ್ಟೆಗೆ ಬಿಳಿ ಬಳಿದುಕೊಳ್ಳಬಾರದು ಅಂತ ಜನರ ಟ್ರಿಬ್ಯೂನರು, ಅಂದರೆ ಸಾಮಾನ್ಯರ ಪರ ಆರಿಸಿ ಬಂದ ಅಧಿಕಾರಿಗಳು, ಒಂದು ಕಾನೂನು ತಂದರು. ಅದಕ್ಕೆ ದೊಡ್ಡ ಜಗಳವೇ ನಡೆಯಿತು. ಇತಿಹಾಸ ಬರೆದ ಲಿವಿಗೇ ಮುಜುಗರ: ಈಗ ಇದು ಚಿಲ್ಲರೆ ವಿಷಯ ಅನ್ನಿಸಬಹುದು, ಆಗ ಊರೇ ಹೊತ್ತಿ ಉರಿದಿತ್ತು ಅನ್ನುತ್ತಾನೆ. ಕಾನೂನು ಪಾಸಾಯಿತು. ಕ್ಯಾಂಡಿಡೇಟುಗಳು ಮಾತ್ರ ಮುಂಚಿಗಿಂತ ಬೆಳ್ಳಗಾದರು. 212 ವರ್ಷ ಕಳೆದ ಮೇಲೆ, ಕ್ರಿ.ಪೂ. 220ರ ಸೆನ್ಸರುಗಳು, ಅಂದರೆ ಜನಗಣತಿ, ನಡತೆ ನೋಡಿಕೊಳ್ಳುವ ಅಧಿಕಾರಿಗಳು, ಇನ್ನೊಂದು ಕಾನೂನು ಮಾಡಿಸಿದರು. ಮೆಟೀಲಿಯ ಕಾನೂನು ಅಂತ ಅದರ ಹೆಸರು. ಮೊದಲು ಸಾರ್ಡೀನಿಯಾದ ಮಣ್ಣು, ಆಮೇಲೆ ಗಂಧಕದ ಹೊಗೆ, ಕೊನೆಗೆ ಕಿಮೋಲೋಸ್ ದ್ವೀಪದ ಮಣ್ಣು ಅಂತ ಬಟ್ಟೆ ಒಗೆಯುವ ವಿಧಾನವನ್ನೇ ಅದರಲ್ಲಿ ಹೇಳಿತ್ತು. ಬಿಳಿ ಮಾಡಬೇಡಿ ಅಂದ ಊರೇ ಬಿಳಿ ಮಾಡುವ ಕ್ರಮವನ್ನೂ ಕಲಿಸಿತು. ನನ್ನ ಅಂದಾಜಿನಲ್ಲಿ ರೋಮಿನವರು ಅಕ್ಷರಶಃ ಪಾಲಿಸಿದ್ದು ಈ ಎರಡನೆಯದನ್ನೇ.

ಇನ್ನು ಟೋಗಾದ ಒಳಗೆ ಏನಿರುತ್ತಿತ್ತು? ಏನೂ ಇಲ್ಲ. ಹಳೆಯ ಕಾಲದ ಕ್ಯಾಂಡಿಡೇಟು ಒಳಂಗಿ ಇಲ್ಲದೆ ಬರೀ ಟೋಗಾ ಸುತ್ತಿಕೊಂಡು ಬರುತ್ತಿದ್ದನಂತೆ. ಯಾಕೆ ಅಂತ ಗ್ರೀಕ್ ಲೇಖಕ ಪ್ಲೂಟಾರ್ಕ್ ತಲೆ ಕೆಡಿಸಿಕೊಂಡಿದ್ದಾನೆ. ಯುದ್ಧದ ಗಾಯದ ಗುರುತು ತೋರಿಸಲಿಕ್ಕೋ, ಇಲ್ಲಾ ಒಳಗೆ ದುಡ್ಡು ಬಚ್ಚಿಟ್ಟುಕೊಂಡು ಹಂಚದಿರಲಿ ಅಂತಲೋ? ಎರಡನೆಯ ಕಾರಣವೇ ನಿಜವಾಗಿದ್ದರೆ ಪಾಪ, ಆ ಉಪಾಯ ಫಲಿಸಲಿಲ್ಲ. ದುಡ್ಡು ಹಂಚಲು ಬೇರೆ ಜನ ಹುಟ್ಟಿಕೊಂಡರು. ಅವರಿಗೆ ‘ಡಿವಿಸೋರೆಸ್’ ಅಂತಲೇ ಹೆಸರು, ಅಂದರೆ ಹಂಚುವವರು. ಕ್ರಿ.ಪೂ. 54ರಲ್ಲಿ ಓಟಿಗಾಗಿ ಎಷ್ಟು ದುಡ್ಡು ಹರಿಯಿತು ಅಂದರೆ, ಸಾಲಕ್ಕೆ ಬೇಡಿಕೆ ಹೆಚ್ಚಿ ಬಡ್ಡಿ ವರ್ಷಕ್ಕೆ ನೂರಕ್ಕೆ 4ರಿಂದ 8ಕ್ಕೆ ಜಿಗಿಯಿತು. ಇದನ್ನು ರೋಮಿನ ರಾಜಕಾರಣಿ, ವಕೀಲ ಸಿಸೆರೋ ಪತ್ರದಲ್ಲಿ ಬರೆದಿದ್ದಾನೆ. ಬಟ್ಟೆಯ ಬಿಳುಪಿಗೆ ಉಚ್ಚೆ ಸಾಕಾಗಿತ್ತು, ಮಿಕ್ಕಿದ್ದಕ್ಕೆ ಬಡ್ಡಿ ಸಾಲ.

ಅದೇ ಸಿಸೆರೋ ಕ್ರಿ.ಪೂ. 63ರಲ್ಲಿ ಕಾನ್ಸಲ್ (ರೋಮಿನ ಅತಿದೊಡ್ಡ ಹುದ್ದೆ) ಆಗಿದ್ದಾಗ ಚುನಾವಣಾ ಲಂಚದ ಮೇಲೆ ಕಟ್ಟುನಿಟ್ಟಿನ ಕಾನೂನು ತಂದ. ಸಿಕ್ಕಿಬಿದ್ದರೆ 10 ವರ್ಷ ಗಡೀಪಾರು. ಅದೇ ವರ್ಷ ಮುಂದಿನ ಕಾನ್ಸಲ್ ಆಗಿ ಗೆದ್ದ ಮುರೇನ ಇದೇ ಆರೋಪದಲ್ಲಿ ಸಿಕ್ಕಿಬಿದ್ದ. ಅವನ ಪರ ವಾದಿಸಲು ಬಂದವರು ಯಾರು? ಸಿಸೆರೋನೇ! ಗೆಲ್ಲಿಸಿಯೂ ಬಿಟ್ಟ. ಬೀಗ ಮಾಡಿದವನಿಗಲ್ಲದೆ ಕೀಲಿ ಇನ್ಯಾರಿಗೆ ಗೊತ್ತಿರುತ್ತದೆ, ಅಲ್ವಾ?

ಆ ಕೇಸಿನಲ್ಲಿ ಮುರೇನನ ಮೇಲೆ ದೂರು ಕೊಟ್ಟವರಲ್ಲಿ ಕಾಟೋ ಒಬ್ಬ. ಇವನ ಕತೆ ಇನ್ನೂ ಮಜವಾಗಿದೆ. ರೋಮಿನ ಕ್ಯಾಂಡಿಡೇಟಿನ ಪಕ್ಕ ಒಬ್ಬ ಗುಲಾಮ ನಡೆಯುತ್ತಿದ್ದ. ಎದುರು ಯಾರಾದರೂ ಬಂದರೆ ಹೆಸರನ್ನು ಧಣಿಯ ಕಿವಿಯಲ್ಲಿ ಉಸುರುವುದು ಅವನ ಕೆಲಸ. ಧಣಿ ತಕ್ಷಣ ‘ಏನಪ್ಪಾ, ಹೇಗಿದ್ದೀಯ, ಮನೆಯಲ್ಲಿ ಎಲ್ಲ ಸೌಖ್ಯವಾ?’ ಅಂತ ಕೈ ಹಿಡಿದುಕೊಳ್ಳುತ್ತಿದ್ದ. ಇದನ್ನೂ ಒಂದು ಕಾನೂನು ನಿಷೇಧಿಸಿತು. ಪ್ಲೂಟಾರ್ಕ್ ಹೇಳುವಂತೆ ಅದನ್ನು ಪಾಲಿಸಿದವನು ಕಾಟೋ ಒಬ್ಬನೇ. ಅವನು ಎಲ್ಲರ ಹೆಸರನ್ನೂ ಬಾಯಿಪಾಠ ಮಾಡಿದ. ಹೊಗಳಿದವರಿಗೂ ಒಳಗೊಳಗೆ ಉರಿಯುತ್ತಿತ್ತಂತೆ. ಅವನಂತೆ ಮಾಡುವುದು ತಮ್ಮ ಕೈಲಾಗದು ಅನ್ನುವುದೇ ಅವರ ಸಂಕಟ.

ಆಮೇಲೆ ಚಕ್ರವರ್ತಿಗಳು ಬಂದರು. ಕ್ರಿ.ಶ. 14ರಲ್ಲಿ ಟಿಬೇರಿಯಸ್, ರೋಮಿನ ಚುನಾವಣೆಯನ್ನು ಜನರ ಕೈಯಿಂದ ತೆಗೆದು ಸೆನೆಟ್ಟಿಗೆ, ಅಂದರೆ ದೊಡ್ಡವರ ಸಭೆಗೆ, ಕೊಟ್ಟ. ಜನ ಸ್ವಲ್ಪ ಗೊಣಗಿದರು, ಅಷ್ಟೆ. ಹಾಗಂತ ಜನರನ್ನು ಪೂರ್ತಿ ಮರೆತರು ಅಂದುಕೊಳ್ಳಬೇಡಿ. ಕ್ರಿ.ಶ. 69ರಲ್ಲಿ ಪಟ್ಟಕ್ಕೆ ಬಂದ ವೆಸ್ಪೇಸಿಯನ್ ಖಜಾನೆ ತೆರೆದು ನೋಡಿದರೆ ಅದು ಬರಿದು. ರಾಜ್ಯ ನಡೆಯಬೇಕಾದರೆ 4,000 ಕೋಟಿ ಸೆಸ್ಟರ್ಸ್ ನಾಣ್ಯ ಬೇಕು ಅಂದ. ಉಚ್ಚೆಯ ಮೇಲೆ ತೆರಿಗೆ ಹಾಕಿದ. ಜನರ ಓಟು ಬೇಡವಾಗಿ 55 ವರ್ಷ ಆಗಿತ್ತು, ಉಚ್ಚೆ ಮಾತ್ರ ಬೇಕೇ ಬೇಕಿತ್ತು.

ಮಗ ಟೈಟಸ್‌ಗೆ ಮುಜುಗರ. ‘ಏನಪ್ಪಾ ಇದು’ ಅಂದಿರಬೇಕು. ಅಪ್ಪ ಆ ತೆರಿಗೆಯಲ್ಲಿ ಬಂದ ಮೊದಲ ನಾಣ್ಯವನ್ನು ಮಗನ ಮೂಗಿಗೆ ಹಿಡಿದ.

‘ವಾಸನೆ ಬರ್ತಿದೆಯೇನೋ?’

‘ಇಲ್ಲ.’

‘ಆದರೂ ಇದು ಉಚ್ಚೆಯಿಂದಲೇ ಬಂದದ್ದು ಕಣೋ.’

ಕೊಲೋಸಿಯಂ ಕಟ್ಟಿಸಲು ಶುರುಮಾಡಿದ ಪುಣ್ಯಾತ್ಮ ಇವನೇ. ಆದರೆ ಇಟಲಿಯ ಜನ ‘ವೆಸ್ಪಾಸಿಯಾನೋ’ ಅಂತ ಅವನ ಹೆಸರಿಟ್ಟಿದ್ದು ರಸ್ತೆ ಬದಿಯ ಮೂತ್ರಾಲಯಕ್ಕೆ.

ಪೊಂಪೆಯಂಥ ಸಣ್ಣ ಊರುಗಳಲ್ಲಿ ಚುನಾವಣೆ ಉಳಿದಿತ್ತು. ಕ್ರಿ.ಶ. 79ರಲ್ಲಿ ವೆಸುವಿಯಸ್ ಬೂದಿ ಸುರಿದ ಪುಣ್ಯಕ್ಕೆ 2,500ಕ್ಕೂ ಹೆಚ್ಚು ಚುನಾವಣಾ ಗೋಡೆ ಬರಹಗಳು ಸಿಕ್ಕಿವೆ. ಇಲ್ಲೂ ಏನೂ ಹಾಳು ಮಾಡುತ್ತಿರಲಿಲ್ಲ. ಹೋದ ವರ್ಷದ ಹೆಸರಿನ ಮೇಲೆ ಸುಣ್ಣ ಹೊಡೆದು ಈ ವರ್ಷದ ಹೆಸರು ಬರೆಯುವುದು. ಒಬ್ಬ ಕ್ಯಾಂಡಿಡೇಟ್ ‘ಒಳ್ಳೆ ಬ್ರೆಡ್ ಕೊಡುತ್ತಾನೆ’, ಇನ್ನೊಬ್ಬ ‘ಖಜಾನೆ ಕಾಯುತ್ತಾನೆ’. ಬಟ್ಟೆ ಒಗೆಯುವವರೂ ಗುಂಪಾಗಿ ತಮ್ಮವನನ್ನು ಆರಿಸಿ ಅಂತ ಬರೆಸಿದ್ದಾರೆ. ಅವನ ಟೋಗಾ ಅವರ ಅಂಗಡಿಗೇ ಬರುತ್ತಿತ್ತೇನೋ. ವಾಟಿಯ ಅನ್ನುವವನ ಬೆಂಬಲಿಗರ ಪಟ್ಟಿಯಂತೂ ನೋಡುವಂಥದ್ದು: ರಾತ್ರಿ ತಡವಾಗಿ ಕುಡಿಯುವವರೆಲ್ಲ, ನಿದ್ದೆ ಹೊಡೆಯುವವರೆಲ್ಲ, ಚಿಲ್ಲರೆ ಕಳ್ಳರೆಲ್ಲ. ಇದು ಎದುರಾಳಿಗಳ ಕಿತಾಪತಿ ಅನ್ನುವವರಿದ್ದಾರೆ. ನನಗೇಕೋ ಅನುಮಾನ. ನಿದ್ದೆ ಹೊಡೆಯುವವರ ಬೆಂಬಲ ಇಲ್ಲದೆ ಗೆದ್ದವರು ಯಾರಿದ್ದಾರೆ?

ಈ ಬರಹಗಾರರು ರಾತ್ರಿ ಹೊತ್ತು ಏಣಿ ಹತ್ತಿ ಕೆಲಸ ಮಾಡುತ್ತಿದ್ದರು. ಕೆಳಗೆ ಒಬ್ಬ ಲಾಟೀನು ಹಿಡಿದು ನಿಂತಿರುತ್ತಿದ್ದ. ಒಂದು ಕಡೆ ಗೋಡೆಯ ಮೇಲೆ ಹೀಗೆ ಬರೆದದ್ದು ಉಳಿದಿದೆ: ‘ಲಾಟೀನಿನವನೇ, ಏಣಿ ಹಿಡ್ಕೋ.’ ಆ ಊರಿನ ಅಷ್ಟೂ ಚುನಾವಣಾ ಬರಹಗಳಲ್ಲಿ ನಾನು ಪೂರ್ತಿ ನಂಬುವುದು ಈ ಒಂದು ಸಾಲನ್ನು.